ಗುಡಿಯ ಬಾಗಿಲು ಮುರಿದ ಚಳಿಗಾಲ

ನಮ್ಮ ಹಟ್ಟಿಯ ಮನೆಗಳು ಆಗಿನ್ನೂ ಒಂದಕ್ಕೊಂದು ಅಂಟಿಕೊಂಡೇ ಇದ್ದವು. ಒಂದೇ ಸಾಲು, ಒಂದೇ ಹೆಂಚಿನ ಮಾಡು, ಮನೆಗೂ ಮನೆಗೂ ನಡುವೆ ಒಂದೇ ಗೋಡೆ. ಪಕ್ಕದವರು ಅವರೆಕಾಳಿನ ಉದಕಕ್ಕೆ, ಅಂದರೆ ಸಾರಿಗೆ, ಒಗ್ಗರಣೆ ಹಾಕಿದರೆ ಇಲ್ಲಿ ನಮ್ಮ ಬಾಯಲ್ಲಿ ನೀರೂರುತ್ತಿತ್ತು. ಯಾರಾದರೂ ಕೆಮ್ಮಿದರೆ ಅದು ಯಾರ ಕೆಮ್ಮು ಎಂದು ಮಕ್ಕಳಾದ ನಮಗೂ ಗೊತ್ತಾಗುತ್ತಿತ್ತು. ಇಡೀ ಹಟ್ಟಿಗೆ ಇದ್ದದ್ದು ಒಂದು ನಲ್ಲಿ. ಚಳಿಗಾಲದ ಬೆಳಗ್ಗೆ ಅದರ ಸುತ್ತ ಹೆಂಗಸರು ಕಂಬಳಿ ಹೊದ್ದು ನಿಂತು, ಕೈಗೆ ಬಿಸಿಯುಸಿರು ಊದಿಕೊಳ್ಳುತ್ತ ಮಾತಾಡುತ್ತಿದ್ದರು. ಗಾಳಿ ಈ ಕಡೆ ಬೀಸಿದ ದಿನ ದೂರದ ಫ್ಯಾಕ್ಟರಿಯಲ್ಲಿ ಟೀ ಎಲೆ ಬಾಡಿಸುವ ವಾಸನೆ ಒಲೆಯ ಹೊಗೆಯೊಂದಿಗೆ ಬೆರೆತು ಬರುತ್ತಿತ್ತು.

ಊಟಿಯಿಂದ ಕಲ್ಲಟ್ಟಿ ಕಡೆಗೆ ಇಳಿಯುವ ರಸ್ತೆ ಬಿಟ್ಟು ಒಳಗೆ ಹೋದರೆ ನಮ್ಮ ಹಟ್ಟಿ. ಮೇಲೆ ಟೀ, ಕೆಳಗೆ ಆಲೂಗೆಡ್ಡೆ ಮತ್ತು ಕ್ಯಾರೆಟ್ಟಿನ ಪಾತಿಗಳು. ಮಂಜು ಸರಿದಾಗ ಅದಕ್ಕೂ ಬಹಳ ಕೆಳಗೆ ಮಸಿನಗುಡಿಯ ಒಣಕಾಡು ಕಾಣುತ್ತಿತ್ತು. ನಾವು ಬಡಗರು. ಮನೆಯ ಮಾತು ಬಡಗ, ಶಾಲೆಯದು ತಮಿಳು. ನಾನು ಕನ್ನಡ ಅಕ್ಷರ ಕಲಿತದ್ದು ಮೈಸೂರಿಗೆ ಮದುವೆಯಾಗಿ ಬಂದ ಮೇಲೆ. ನಮ್ಮವರ ಮಾತನ್ನು ಇಲ್ಲಿ ಬರೆಯುವಾಗ ಓದುವವರಿಗೆ ತೊಡಕಾಗದಿರಲಿ ಎಂದು ಅಲ್ಲಲ್ಲಿ ಸ್ವಲ್ಪ ಸಡಿಲಿಸಿದ್ದೇನೆ.

ನಮ್ಮಲ್ಲಿ ಅಜ್ಜಿಗೆ ಹೆತ್ತೆ ಎನ್ನುತ್ತಾರೆ. ನಮ್ಮ ದೇವರ ಹೆಸರೂ ಹೆತ್ತೆಯೇ. ಚಿಕ್ಕವಳಿದ್ದಾಗ ನನಗೆ ಇವರಿಬ್ಬರಲ್ಲಿ ಅಂಥ ವ್ಯತ್ಯಾಸವೇನೂ ಕಾಣುತ್ತಿರಲಿಲ್ಲ. ಒಬ್ಬರು ಗುಡಿಯಲ್ಲಿ ಇರುತ್ತಾರೆ, ಇನ್ನೊಬ್ಬರು ನಮ್ಮ ಒಲೆಯ ಪಕ್ಕ ಕೂತಿರುತ್ತಾರೆ, ಅಷ್ಟೆ. ನಮ್ಮ ಮನೆಯ ಹೆತ್ತೆ ಸದಾ ಬಿಳಿಯ ಬಟ್ಟೆ ಉಟ್ಟು, ತಲೆಗೂ ಬಿಳಿಯ ವಸ್ತ್ರ ಬಿಗಿದು, ಬೆಂಕಿಯ ಕೆಂಡದಲ್ಲಿ ನನಗಾಗಿ ಆಲೂಗೆಡ್ಡೆ ಸುಡುತ್ತಿದ್ದಳು. ಸುಟ್ಟ ಸಿಪ್ಪೆಯ ಆ ಘಮ ಅವಳ ಬೆರಳಿಗೇ ಅಂಟಿಕೊಂಡಿತ್ತು.

ಅವಳಿಗೆ ಇಬ್ಬರು ಗಂಡುಮಕ್ಕಳು. ದೊಡ್ಡವನು ನನ್ನ ಅಪ್ಪ. ಚಿಕ್ಕವನು ಬೋಜ. ಅವನನ್ನು ನಾನು ಕುನ್ನಪ್ಪ ಎನ್ನುತ್ತಿದ್ದೆ, ಅಂದರೆ ಚಿಕ್ಕಪ್ಪ. ಅವನ ಮನೆ ನಮ್ಮ ಗೋಡೆಯ ಆಚೆಗೇ. ಅವನ ಮಗಳು ಶೀಲಾ ನನ್ನ ತರಗತಿಯವಳು. ಇಬ್ಬರೂ ಟೀ ಬೀಜ ಆರಿಸಿಕೊಂಡು ಬಂದು ಜಗುಲಿಯ ಮೇಲೆ ಐದು ಕಲ್ಲಿನಾಟ ಆಡುತ್ತಿದ್ದೆವು. ಗುಂಡಗಿನ ಆ ಕಂದು ಬೀಜ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಬಿದ್ದು ಉರುಳಿ ಹೋದರೆ ಹುಡುಕುವುದೇ ಒಂದು ಆಟ.

ಆ ಚಳಿಗಾಲದ ಹಿಂದಿನ ವರ್ಷ ಕುನ್ನಪ್ಪನ ಹೆಂಡತಿ, ನನ್ನ ಕುನ್ನವ್ವೆ, ಹೆರಿಗೆಯಲ್ಲಿ ಮಗುವನ್ನು ಕಳೆದುಕೊಂಡಳು. ಆಮೇಲೆ ಹಾಸಿಗೆ ಬಿಟ್ಟು ಏಳಲಿಲ್ಲ. ಮಾತಿಲ್ಲ, ತಲೆ ಬಾಚುವುದಿಲ್ಲ, ಶೀಲಾ ಕರೆದರೂ ತಿರುಗಿ ನೋಡುವುದಿಲ್ಲ. ಮೊದಮೊದಲು ಹಟ್ಟಿಯವರೆಲ್ಲ ಬಂದು ಹೋದರು. ಆಮೇಲೆ ಎಲೆ ಕೊಯ್ಲು ಶುರುವಾಯಿತು, ಎಲ್ಲರೂ ತಂತಮ್ಮ ಕೆಲಸಕ್ಕೆ ಹೋದರು. ಆಗ ಪೇಟೆಯ ಪ್ರಾರ್ಥನಾ ಮನೆಯಿಂದ ಇಬ್ಬರು ಹೆಂಗಸರು ಬರಲು ತೊಡಗಿದರು. ಬಸ್ಸಿಳಿದು ಆ ಏರು ಹತ್ತಿ ಬಂದು, ಕುನ್ನವ್ವೆಗೆ ಸ್ನಾನ ಮಾಡಿಸಿ, ಅವಳ ಪಕ್ಕ ಸುಮ್ಮನೆ ಕೂತು, ಹೋಗುವಾಗ ಮೆಲ್ಲಗೆ ಪ್ರಾರ್ಥಿಸಿ ಹೋಗುತ್ತಿದ್ದರು. ಒಂದು ದಿನ ಕುನ್ನವ್ವೆ ಎದ್ದು ಒಲೆ ಹಚ್ಚಿದಳು. ಅದಾಗಿ ಸ್ವಲ್ಪ ದಿನಕ್ಕೆ ಕುನ್ನಪ್ಪ ಭಾನುವಾರ ಪೇಟೆಗೆ ಹೋಗತೊಡಗಿದ. ಬಾಗಿಲ ಮೇಲೆ ಮರದ ಶಿಲುಬೆಯೊಂದು ಬಂತು.

ಹಟ್ಟಿಯಲ್ಲಿ ಕೂಟು ಸೇರಿತು. ಕೂಟು ಎಂದರೆ ಹಿರಿಯರ ಸಭೆ. ಕುನ್ನಪ್ಪ ಹೆತ್ತೆಯ ಗುಡಿಗೆ ತಿರುಗಿ ಬರುವ ತನಕ ಆ ಮನೆಯೊಡನೆ ಮಾತಿಲ್ಲ, ಬೆಂಕಿಯಿಲ್ಲ, ನಲ್ಲಿಯ ನೀರಿಲ್ಲ ಎಂದು ತೀರ್ಮಾನವಾಯಿತು. ಅಪ್ಪ ಅದಕ್ಕೆ ತಲೆಯಾಡಿಸಿ ಬಂದ. ಬಂದವನು ಊಟ ಮಾಡಲಿಲ್ಲ. ಆ ದಿನದಿಂದ ಹೆತ್ತೆ ಒಲೆಯ ಈ ಬದಿ ಬಿಟ್ಟು ಆ ಬದಿಗೆ, ಕುನ್ನಪ್ಪನ ಮನೆಯ ಗೋಡೆಗೆ ಒರಗಿ ಕೂರತೊಡಗಿದಳು.

ಸಂಜೆ ಗೋಡೆಯಾಚೆ ಪ್ರಾರ್ಥನೆ ಶುರುವಾದರೆ ಅಪ್ಪ ಎದ್ದು ರೇಡಿಯೋದ ಸದ್ದು ಏರಿಸುತ್ತಿದ್ದ. ಆಚೆಯ ದನಿ ಇನ್ನಷ್ಟು ಮೆಲ್ಲಗಾಗುತ್ತಿತ್ತು. ರೇಡಿಯೋದಲ್ಲಿ ಏನು ಬರುತ್ತಿದೆ ಎಂದು ನಮ್ಮ ಮನೆಯಲ್ಲಿ ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ. ನಾನೂ ಶೀಲಾಳೂ ಶಾಲೆಗೆ ಹೋಗುವಾಗ ರಸ್ತೆಯ ಒಂದೊಂದು ಬದಿ ಹಿಡಿದು ನಡೆಯುತ್ತಿದ್ದೆವು. ತಿರುವು ದಾಟಿ ಹಟ್ಟಿ ಮರೆಯಾದ ಮೇಲೆ ಒಟ್ಟಾಗುತ್ತಿದ್ದೆವು.

"ನಿಂಗ ಎಂಗಳ ಬಿಟ್ಟುಬುಟ್ಟೀರಾ?" ಎಂದು ಅವಳು ಒಂದು ದಿನ ಕೇಳಿದಳು.

"ಗೊತ್ತಿಲ್ಲೆ" ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ.

ಹೆತ್ತೆ ಹಬ್ಬ ಹತ್ತಿರ ಬಂತು. ಹಟ್ಟಿಯ ತುಂಬ ಬಿಳಿಯ ಬಟ್ಟೆ ಒಗೆದು ಹರವುವ ಕೆಲಸ, ತುಪ್ಪದಿಟ್ಟು ಕರಿಯಲು ಮೈದಾ ತರುವ ಓಡಾಟ. ನಮ್ಮ ಗುಡಿ ಹಟ್ಟಿಯಿಂದ ಸ್ವಲ್ಪ ಕೆಳಗೆ, ಟೀ ಗಿಡಗಳ ಅಂಚಿನಲ್ಲಿದೆ. ಅದರ ಹಿಂದಿನಿಂದ ಒಂದು ಕಾಲುದಾರಿ ಹಳೆಯ ಊಟೆಗೆ, ನೀರಿನ ಚಿಲುಮೆಗೆ, ಇಳಿಯುತ್ತದೆ. ನಲ್ಲಿ ಬಂದ ಮೇಲೆ ಆ ಊಟೆಯ ನೀರನ್ನು ಕೇಳುವವರೇ ಇರಲಿಲ್ಲ.

ಆಗ ಬೆಳಗ್ಗೆ ಎದ್ದರೆ ಹುಲ್ಲೆಲ್ಲ ಬೆಳ್ಳಗೆ ಹೆಪ್ಪುಗಟ್ಟಿರುತ್ತಿತ್ತು. ಹೊರಗಿಟ್ಟ ಬಕೆಟ್ಟಿನ ನೀರಿನ ಮೇಲೆ ಗಾಜಿನ ತಟ್ಟೆಯಂತೆ ಐಸು ಕಟ್ಟಿರುತ್ತಿತ್ತು. ಅದನ್ನು ಒಡೆಯದಂತೆ ಎತ್ತಿ, ಕಣ್ಣಿಗೆ ಹಿಡಿದು, ಹುಟ್ಟುವ ಸೂರ್ಯನನ್ನು ನೋಡುವುದು ನನ್ನ ಆಟ. ಆ ದಿನವೂ ಎಲ್ಲರಿಗಿಂತ ಮೊದಲು ಎದ್ದು ಅದನ್ನೇ ಮಾಡುತ್ತಿದ್ದೆ. ಐಸಿನ ಆಚೆ ಯಾರೋ ಗುಡಿಯ ಹಿಂದಿನ ದಾರಿಯಿಂದ ಮೇಲೆ ಬರುವುದು ಕಂಡಿತು. ತಟ್ಟೆ ಇಳಿಸಿ ನೋಡಿದರೆ ಕುನ್ನಪ್ಪ. ಹೆಗಲ ಮೇಲೆ ಕೊಡ, ಪ್ಯಾಂಟಿನ ಕಾಲು ಒದ್ದೆ. ನನ್ನನ್ನು ಕಂಡು ನಗಲು ಹೊರಟವನು ಅತ್ತಿತ್ತ ನೋಡಿ ತಲೆ ತಗ್ಗಿಸಿ ಮನೆ ಹೊಕ್ಕ. ಒಳಗೆ ಬಂದು ಅವ್ವೆಗೆ ಹೇಳಿದೆ. ಅವಳು "ಉಶ್" ಎಂದಳು.

ಬಿಸಿಲು ಹಟ್ಟಿಗೆ ಇಳಿಯುವ ಹೊತ್ತಿಗೆ ಕೆಳಗಿನಿಂದ ಕೂಗು ಕೇಳಿಸಿತು. ಗುಡಿಯ ಬಾಗಿಲು ಮುರಿದಿತ್ತು. ಹಳೆಯ ಮರದ ಬಾಗಿಲು ಒಂದು ಕೀಲಿನಲ್ಲಿ ಜೋತಾಡುತ್ತಿತ್ತು. ದೀಪ ಉರುಳಿ ಬಿದ್ದಿತ್ತು. ಹಬ್ಬಕ್ಕೆಂದು ಇಟ್ಟಿದ್ದ ಎಣ್ಣೆ, ತುಪ್ಪ ಖಾಲಿ. ದೇವರಿಗೆ ಉಡಿಸುವ ಬಿಳಿಯ ಬಟ್ಟೆ ಹರಿದು ನೆಲದ ಮೇಲೆ ಬಿದ್ದಿತ್ತು. ಅದನ್ನು ನೋಡಿ ಮುದುಕರು ಅತ್ತರು. ದೊಡ್ಡವರು ಅಳುವುದನ್ನು ನಾನು ಅದುವರೆಗೆ ಸಾವಿನ ಮನೆಯಲ್ಲಿ ಮಾತ್ರ ಕಂಡಿದ್ದೆ.

ಹಟ್ಟಿಯ ನಡುವಿನ ಕಲ್ಲುಕಟ್ಟೆಯ ಮುಂದೆ ಎಲ್ಲರೂ ಸೇರಿದರು. ಫ್ಯಾಕ್ಟರಿಗೆ ಎಲೆ ಸಾಗಿಸುವ ಜೀಪು ಓಡಿಸುತ್ತಿದ್ದ ಹಾಲಣ್ಣ ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದ. "ಹೊರಗಿನವ ಮಾಡಿದ ಕೆಲಸ ಅಲ್ಲ ಇದು. ಎಂಗ ಹಟ್ಟಿಲೇ ದೇವರ ಬೇಡ ಅಂದವ ಒಬ್ಬ ಅವ್ನೆ."

ಹೆಸರು ಯಾರೂ ಹೇಳಲಿಲ್ಲ. ಎಲ್ಲರೂ ಅಪ್ಪನ ಮುಖ ನೋಡಿದರು.

ಊರಗೌಡರು ಕೆಟ್ಟವರಲ್ಲ. ಕೈಯೆತ್ತಿ ಎಲ್ಲರನ್ನೂ ಸುಮ್ಮನಿರಿಸಿ, "ಬೆಳಿಗ್ಗೆ ದಾರಾದ್ರೂ ಏನಾದ್ರೂ ಕಂಡಿರಾ?" ಎಂದು ಕೇಳಿದರು. ನಲ್ಲಿಯ ಹತ್ತಿರ ಇರುತ್ತಿದ್ದ ಒಬ್ಬ ಹೆಂಗಸು, "ಸುಮತಿ ಹೊರಗೆ ಐಸು ಎತ್ತುತಾ ಇತ್ತು" ಎಂದಳು. ಅವ್ವೆಯ ಕೈ ನನ್ನ ಭುಜವನ್ನು ಬಿಗಿಯಾಗಿ ಹಿಡಿಯಿತು. ಗೌಡರು ಬಾಗಿ ನನ್ನ ಮುಖದ ಹತ್ತಿರ ಬಂದರು.

"ಹೆದ್ರಬೇಡ ಕೂಸು. ದಾರ ಕಂಡೆ?"

ಸುಳ್ಳು ಹೇಳಿದರೆ ಗುಡಿಯ ಹೆತ್ತೆ ಕಣ್ಣು ತೆಗೆಯುತ್ತಾಳೆ ಎಂದು ನಮಗೆಲ್ಲ ಹೇಳಿಕೊಟ್ಟಿದ್ದರು. ಗುಡಿಯ ಮುರಿದ ಬಾಗಿಲು ಅಲ್ಲಿಂದಲೇ ಕಾಣುತ್ತಿತ್ತು.

"ಕುನ್ನಪ್ಪನ ಕಂಡೆ."

"ಎಲ್ಲಿ?"

"ಗುಡಿ ಹಿಂದಿನ ದಾರಿಲಿ. ಮೇಲೆ ಬತ್ತಾ ಇದ್ದ."

"ಕೈಲಿ ಏನ ಇತ್ತು?"

"ಕೊಡ."

"ಎಣ್ಣೆ ತುಂಬಾಕೆ ಕೊಡ!" ಎಂದು ಹಾಲಣ್ಣ ಕಿರುಚಿದ. "ನೀರು, ನೀರಿನ ಕೊಡ" ಎಂದು ನಾನು ಹೇಳುತ್ತಲೇ ಇದ್ದೆ. ಆ ಗದ್ದಲದಲ್ಲಿ ನನ್ನ ದನಿ ನನಗೇ ಕೇಳಿಸಲಿಲ್ಲ.

ಆಗ ಕುನ್ನಪ್ಪ ತನ್ನ ಬಾಗಿಲು ತೆರೆದು ಹೊರಗೆ ಬಂದ. ಅವನು ಆ ಜನದ ಮುಂದೆ ನಿಂತು ಮಾತಾಡಿ ಎಷ್ಟೋ ತಿಂಗಳಾಗಿತ್ತು. "ಕೂಸು ನಿಜ ಹೇಳಿತು. ನಾ ಹೋದೆ. ಊಟೆಯಿಂದ ನೀರು ತಂದೆ. ಗುಡಿ ಕಡೆ ತಿರುಗಿಯೂ ನೋಡಿಲ್ಲೆ" ಎಂದ.

"ಆ ದಾರಿಲಿ ನಡದವ ಬಾಗಿಲು ಮುರುದದ್ದ ಎತ್ತೆ ಕಾಣದೆ ಹೋದ?" ಯಾರೋ ಹಿಂದಿನಿಂದ ಕೇಳಿದರು. "ಹೋಪಾಗ ಕತ್ತಲೆ ಇತ್ತು" ಎಂದ ಕುನ್ನಪ್ಪ. "ಕೂಸಿಗ ಕಂಡಿತಲ್ಲ!" ಎಂದ ಹಾಲಣ್ಣ.

ಆಮೇಲೆ ನಡೆದದ್ದೆಲ್ಲ ಬಹಳ ಬೇಗ ನಡೆಯಿತು. ಹಾಲಣ್ಣ ಮತ್ತು ಇನ್ನಿಬ್ಬರು ಹುಡುಗರು ಶಿಲುಬೆ ಕಿತ್ತು ಹಾಕಲು ಹೊರಟರು. ಅವರಿಗಿಂತ ಮುಂದೆ ನನ್ನ ಅಪ್ಪ. ಅವನ ಕೈಯಲ್ಲಿ ಗುದ್ದಲಿಯ ಕಾವು, ಅದರ ಮರದ ಹಿಡಿ, ಇತ್ತು. ಅಪ್ಪನ ಆ ಮುಖವನ್ನು ನಾನು ಅದಕ್ಕೆ ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ. ಕುನ್ನಪ್ಪ ಬಾಗಿಲಿಗೆ ಅಡ್ಡ ನಿಂತ. ಒಳಗಿನಿಂದ ಕುನ್ನವ್ವೆಯ ಅಳು, ಕಿಟಕಿಯ ಕಂಬಿಯ ಹಿಂದೆ ಶೀಲಾಳ ಕಣ್ಣು.

"ಅಣ್ಣಾ, ಹೊಡೀತೀಯಾದ್ರೆ ಎನಗ ಹೊಡಿ. ಅದ ಮುಟ್ಟಬೇಡ" ಎಂದ ಕುನ್ನಪ್ಪ.

"ಸರಿ ಆಚೆ!" ಅಪ್ಪ ಕಾವು ಎತ್ತಿದ.

ಅಷ್ಟರಲ್ಲಿ ನಮ್ಮ ಬಾಗಿಲಿನಿಂದ ಹೆತ್ತೆ ಹೊರಗೆ ಬಂದಳು. ಅವಳು ಓಡಲಿಲ್ಲ, ಕೂಗಲೂ ಇಲ್ಲ. ಕೋಲೂರಿಕೊಂಡು, ಗಂಡಸರ ನಡುವೆ ದಾರಿ ಮಾಡಿಕೊಂಡು ಬಂದು, ಕುನ್ನಪ್ಪನ ಮನೆಯ ಹೊಸಿಲ ಮೇಲೆ ಕೂತುಬಿಟ್ಟಳು. ನಿಷೇಧ ಹಾಕಿದ ಮೇಲೆ ಅವಳು ಆ ಹೊಸಿಲು ಮುಟ್ಟಿದ್ದು ಅದೇ ಮೊದಲು. ಮಂಡಿ ನೋವಿನವಳು, ಕೂರಲು ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ಅಪ್ಪನ ಕಾವು ಮೇಲೆಯೇ ಇತ್ತು.

"ಗೌಡಾ" ಎಂದಳು ಹೆತ್ತೆ. ಊರಗೌಡರನ್ನು ಹಾಗೆ ಕರೆಯುವ ವಯಸ್ಸು ಅವಳೊಬ್ಬಳಿಗೇ ಇತ್ತು. "ನಲ್ಲಿ ಮುಚ್ಚಿದವರು ದಾರು? ನಿಂಗ. ಅವನ ಆ ದಾರಿಗ ತಳ್ಳಿದವರು ದಾರು? ನಿಂಗ. ಈಗ ಆ ದಾರಿಲಿ ಏಕ ಬಂದೆ ಅಂತ ಕೇಳುವವರೂ ನಿಂಗಳೇ."

ಅವಳು ಕೋಲನ್ನು ಬದಿಗಿಟ್ಟು ಕುನ್ನಪ್ಪನ ಕಡೆ ತಿರುಗಿದಳು.

"ಬೋಜಾ, ಬಾ ಇಲ್ಲಿ."

ನಮ್ಮಲ್ಲಿ ಕಿರಿಯರು ತಲೆ ಬಗ್ಗಿಸುತ್ತಾರೆ, ಹಿರಿಯರು ಅದರ ಮೇಲೆ ಕೈಯಿಟ್ಟು ಹರಸುತ್ತಾರೆ. ಹೊರಗೆ ಹಾಕಿದವನ ತಲೆ ಮುಟ್ಟುವಂತಿಲ್ಲ. ಕುನ್ನಪ್ಪ ಅವಳ ಮುಂದೆ ಕುಕ್ಕರಿಸಿ ತಲೆ ಬಗ್ಗಿಸಿದ. ಹೆತ್ತೆ ಎರಡು ಕೈಯನ್ನೂ ಇಟ್ಟಳು. ಹರಸುವ ಮಾತು ಬಾಯಿಗೆ ಬರಲಿಲ್ಲ, ಕೈ ಮಾತ್ರ ತೆಗೆಯಲಿಲ್ಲ.

"ಕೂಟಿನ ಮಾತ ನಾ ಮುರುದೆ. ಎನ್ನನ್ನೂ ಹೊರಗ ಹಾಕಿ" ಎಂದಳು. ಆಮೇಲೆ ಅಪ್ಪನ ಕಡೆ ನೋಡಿ, "ನೀನೂ ಬಾ. ನಿನ್ನ ತಲೆಯೂ ಎನ್ನ ಕೈಗ ಬೇಕು" ಎಂದಳು.

ಅಪ್ಪ ಬರಲಿಲ್ಲ. ಕಾವನ್ನು ನೆಲಕ್ಕೆ ಬಿಸಾಡಿ ಟೀ ತೋಟದ ಕಡೆ ನಡೆದುಬಿಟ್ಟ. ಗೌಡರು, ನಾಳೆ ಪೊಲೀಸರನ್ನು ಕರೆಸೋಣ, ಅಲ್ಲಿಯವರೆಗೆ ಯಾರೂ ಕೈಮಾಡಬಾರದು ಎಂದರು. ಜನ ಚದುರಿದರು. ಆದರೆ ಮನೆಗೆ ಹೋಗಲಿಲ್ಲ. ಇಬ್ಬರು ಮೂವರಾಗಿ ಅಲ್ಲಲ್ಲಿ ನಿಂತೇ ಇದ್ದರು.

ಹೆತ್ತೆ ಆ ಹೊಸಿಲಿನಿಂದ ಏಳಲಿಲ್ಲ. ಮಧ್ಯಾಹ್ನ ನಾನು ಕಾಪಿ ತೆಗೆದುಕೊಂಡು ಹೋದೆ. ನನ್ನ ಮಾತಿನಿಂದಲೇ ಇಷ್ಟೆಲ್ಲ ಆಯಿತೆಂದು ನನಗೆ ಅಳು ಬಂತು. "ನಿಜ ಹೇಳಿದ್ದಕ್ಕ ಅಳುವರಾ? ನೀ ಕಂಡದ್ದ ನೀ ಹೇಳಿದೆ. ಕಾಣದ್ದ ಹೇಳಿದವರು ಅವರು" ಎಂದು ನನ್ನ ಕಣ್ಣು ಒರೆಸಿದಳು.

"ಹೆತ್ತೆ, ಕುನ್ನಪ್ಪ ಬಾಗಿಲು ಮುರುದಿಲ್ಲೆ ಅಲ್ಲವಾ?"

"ಎನಗ ಎತ್ತೆ ಗೊತ್ತು?" ಎಂದಳು.

ನಾನು ಬೆಚ್ಚಿದೆ. "ಗೊತ್ತಿಲ್ಲದೆ ಏಕ ಇಲ್ಲಿ ಕೂತೆ?"

ಅವಳು ಕಾಪಿ ಊದಿಕೊಂಡು ಒಂದು ಗುಟುಕು ಕುಡಿದಳು. "ಗೊತ್ತಾದ ಮೇಲೆ ಕೂರಾಕ ಎಲ್ಲರೂ ಬಪ್ಪರು ಕೂಸು. ಮುರುದಿದ್ರೆ ಆಚಾರಿ ಬಂದು ಬೇರೆ ಬಾಗಿಲು ಮಾಡುವ. ಇಂದು ನಿನ್ನಪ್ಪ ತಮ್ಮನ ತಲೆ ಒಡದಿದ್ರೆ ಅದ ದಾರು ಮಾಡಿಕೊಟ್ಟಾರು?"

ನನಗೆ ಇನ್ನೊಂದು ಭಯವಿತ್ತು. ದನಿ ತಗ್ಗಿಸಿ ಕೇಳಿದೆ. "ಗುಡಿ ಹೆತ್ತೆಗ ಕುನ್ನಪ್ಪನ ಮೇಲೆ ಕೋಪ ಇಲ್ಲವಾ?"

"ಅವಳೂ ಹೆತ್ತೆ ತಾನೆ? ಎನ್ನ ಮಗ ಹಸಿದು ಇನ್ನೊಬ್ಬರ ಮನೇಲಿ ಉಂಡ ಅಂತ ಎನಗ ಕೋಪ ಬಪ್ಪದಾ? ಎನ್ನ ಮನೇಲಿ ಅಂದು ಅನ್ನ ಇರಲಿಲ್ಲೆ ಅಂತ ನಾಚಿಕೆ ಬಪ್ಪದು."

ಇದನ್ನು ಅವಳು ಉಪದೇಶದ ಹಾಗೆ ಹೇಳಲಿಲ್ಲ. ಹೇಳುತ್ತ ಹೇಳುತ್ತ ದಾರಿಯ ಕಡೆಗೇ ಕಣ್ಣಿಟ್ಟಿದ್ದಳು. ಅಪ್ಪ ಇನ್ನೂ ಬಂದಿರಲಿಲ್ಲ.

ಅಪ್ಪ ಬಂದದ್ದು ಸಂಜೆ. ನಾನು ಅವ್ವೆಯ ಜೊತೆ ನಲ್ಲಿಯ ಹತ್ತಿರ ಇದ್ದೆ. ಕೆಳಗೆ ಗುಡಿಯ ಬಾಗಿಲಿಗೆ ಕಲ್ಲು ಒತ್ತಿ ನಿಲ್ಲಿಸಿ, ಒಳಗೆ ಹೊಸದಾಗಿ ದೀಪ ಹಚ್ಚಿದ್ದರು. ಇನ್ನೂ ಬೆಳಕಿತ್ತು. ಇದ್ದಕ್ಕಿದ್ದಂತೆ ನಾಯಿಗಳೆಲ್ಲ ಒಟ್ಟಿಗೆ ಬೊಗಳಿ, ಅಷ್ಟೇ ಬೇಗ ಬಾಲ ಮಡಚಿಕೊಂಡು ಹಿಂದಕ್ಕೆ ಬಂದವು. ಟೀ ಗಿಡಗಳ ಸಾಲಿನಿಂದ ಕಪ್ಪಗೆ ಏನೋ ಹೊರಬಂತು. ಮೊದಲು ಯಾರದೋ ಎಮ್ಮೆ ಎಂದುಕೊಂಡೆ. ಅದು ಕರಡಿ.

ಈಗಂತೂ ಬೆಟ್ಟದಲ್ಲಿ ಎಲ್ಲರಿಗೂ ಗೊತ್ತು, ದೀಪದ ಎಣ್ಣೆಯ ವಾಸನೆಗೆ ಕರಡಿ ಗುಡಿಗೆ ನುಗ್ಗುತ್ತದೆ ಎಂದು. ಆಗ ನಮ್ಮ ಹಟ್ಟಿಯವರು ಕಾಡುಕೋಣ ಕಂಡಿದ್ದರು, ಚಿರತೆ ಕಂಡಿದ್ದರು. ಕರಡಿ ಮನೆಗಳ ಹತ್ತಿರ ಬಂದದ್ದನ್ನು ಕಂಡವರಿರಲಿಲ್ಲ. ಅದು ಯಾರ ಕಡೆಗೂ ನೋಡದೆ, ತನ್ನದೇ ಮನೆಗೆ ಹೋಗುವಂತೆ ಮೈ ತೂಗಿಕೊಂಡು ಗುಡಿಯ ಬಾಗಿಲಿಗೆ ಹೋಯಿತು. ಹಣೆಯಿಂದ ಒಮ್ಮೆ ತಳ್ಳಿತು. ಕಲ್ಲು ಉರುಳಿತು, ಒಳಗೆ ಪಾತ್ರೆಯ ಸದ್ದಾಯಿತು. ಹೆಂಗಸರು ಕೊಡ ಅಲ್ಲೇ ಬಿಟ್ಟು ಓಡಿದರು. ಗಂಡಸರು ತಗಡು ಬಡಿದು ಕೂಗು ಹಾಕಿದ ಎಷ್ಟೋ ಹೊತ್ತಿನ ಮೇಲೆ ಅದು ಹೊರಗೆ ಬಂತು. ಮೂತಿ ಎಣ್ಣೆಯಿಂದ ಹೊಳೆಯುತ್ತಿತ್ತು. ಬಂದ ದಾರಿಯಲ್ಲೇ, ಅವಸರವಿಲ್ಲದೆ ಇಳಿದು ಹೋಯಿತು.

ತಗಡಿನ ಸದ್ದು ನಿಂತ ಮೇಲೆ ಎಲ್ಲರೂ ಕುನ್ನಪ್ಪನ ಮನೆಯ ಕಡೆ ತಿರುಗಿದರು. ಅವನು ಹೆತ್ತೆಯ ಪಕ್ಕ ನಿಂತು ಎಲ್ಲವನ್ನೂ ನೋಡಿದ್ದ. ಏನಾದರೂ ಹೇಳುತ್ತಾನೆ, ಬೈಯುತ್ತಾನೆ ಎಂದು ನಾನು ಕಾದೆ. ಅವನು ಹೆತ್ತೆಯನ್ನು ತೋಳು ಹಿಡಿದು ಎಬ್ಬಿಸಿ ಒಳಗೆ ಕರೆದುಕೊಂಡು ಹೋಗಿ, ಬಾಗಿಲನ್ನು ಮೆಲ್ಲಗೆ ಹಾಕಿಕೊಂಡ.

ಮರುದಿನ ಪೊಲೀಸರು ಬರಲಿಲ್ಲ, ಅರಣ್ಯದವರು ಬಂದರು. ಕೂಟು ಸೇರಿ, ಬೋಜನ ಮನೆಯವರು ನಲ್ಲಿಯಿಂದ ನೀರು ಹಿಡಿಯಬಹುದು ಎಂದಿತು. ತಪ್ಪಾಯಿತು ಎಂದು ಯಾರೂ ಹೇಳಲಿಲ್ಲ. ಹಾಲಣ್ಣ ಜೀಪು ಬೇರೆ ದಾರಿಯಲ್ಲಿ ಓಡಿಸತೊಡಗಿದ. ಹಬ್ಬ ಆಯಿತು, ಬಿಳಿಯ ಬಟ್ಟೆ ಉಟ್ಟು ಎಲ್ಲರೂ ಗುಡಿಗೆ ಹೋದರು. ಕುನ್ನಪ್ಪ ಬರಲಿಲ್ಲ. ಅವನನ್ನು ಬಾ ಎಂದು ಹೆತ್ತೆ ಕರೆಯಲೂ ಇಲ್ಲ. ಅವಳು ತುಪ್ಪದಿಟ್ಟನ್ನು ಎರಡು ಪಾಲು ಮಾಡಿ ಒಂದನ್ನು ಸೆರಗಿನಲ್ಲಿ ಮುಚ್ಚದೆ, ಎಲ್ಲರಿಗೂ ಕಾಣುವಂತೆ ಕೈಯಲ್ಲಿ ಹಿಡಿದು ಆಚೆ ಮನೆಗೆ ಕೊಟ್ಟುಬಂದಳು.

ಕುನ್ನಪ್ಪ ಮಾತ್ರ ನಲ್ಲಿಗೆ ಬರಲಿಲ್ಲ. ಮೊದಲಿನಂತೆ ಊಟೆಗೇ ಹೋಗುತ್ತಿದ್ದ. ಅಪ್ಪ ಸಂಜೆ ರೇಡಿಯೋ ಹಾಕುತ್ತಿರಲಿಲ್ಲ. ಗೋಡೆಯಾಚೆಯ ದನಿ ಈಗ ಚೆನ್ನಾಗಿ ಕೇಳಿಸುತ್ತಿತ್ತು. ಅದನ್ನು ಕೇಳುತ್ತ ಅಪ್ಪ ತಟ್ಟೆಯ ಮುಂದೆ ಸುಮ್ಮನೆ ಕೂತಿರುತ್ತಿದ್ದ.

"ನಲ್ಲಿ ಬಿಟ್ಟ ಮೇಲೆಯೂ ಅವ ಏಕ ಅಲ್ಲಿಗ ಹೋಪದು? ಎಂಗಳ ಮಾನ ಕಳೆಯಾಕ" ಎಂದು ಒಂದು ದಿನ ಗೊಣಗಿದ.

"ನಲ್ಲಿ ಬಿಟ್ಟರೆ ಆತಾ?" ಎಂದಳು ಹೆತ್ತೆ. "ಬಾಯಿ ಬಿಡಬೇಕಲ್ಲ ಮಗಾ."

ಅಪ್ಪ ಬಾಯಿ ಬಿಡುವ ಜಾತಿಯವನಲ್ಲ. ಆದರೆ ಅದಾಗಿ ಕೆಲವು ದಿನಕ್ಕೆ, ನಾನು ಬೆಳಗ್ಗೆ ಬಕೆಟ್ಟಿನ ಹತ್ತಿರ ಹೋದಾಗ, ಅಪ್ಪ ನನಗಿಂತ ಮೊದಲೇ ಎದ್ದು ಗುಡಿಯ ಹಿಂದಿನ ದಾರಿಯಲ್ಲಿ ನಿಂತಿದ್ದ. ಕುನ್ನಪ್ಪ ಕೊಡ ಹೊತ್ತು ಮೇಲೆ ಬಂದ. ಇಬ್ಬರೂ ಎದುರುಬದುರು ನಿಂತರು. ಅಪ್ಪ ಕೈ ಚಾಚಿ ಕೊಡ ತೆಗೆದುಕೊಂಡು ತನ್ನ ಹೆಗಲ ಮೇಲಿಟ್ಟುಕೊಂಡ. ನಲ್ಲಿಯ ಸುತ್ತ ನಿಂತ ಹೆಂಗಸರ ನಡುವೆಯೇ, ಅಂಗಿ ಒದ್ದೆಯಾಗುತ್ತಿದ್ದರೂ, ಅದನ್ನು ಹೊತ್ತು ನಡೆದು ತಮ್ಮನ ಹೊಸಿಲಲ್ಲಿ ಇಳಿಸಿದ.

"ಒಳಗ ಬಾ ಅಣ್ಣಾ. ಕಾಪಿ ಕುಡಿ" ಎಂದ ಕುನ್ನಪ್ಪ.

ಅಪ್ಪ ಒಂದು ಗಳಿಗೆ ಶಿಲುಬೆಯನ್ನು ನೋಡಿದ. ಆಮೇಲೆ ತಲೆ ಬಗ್ಗಿಸಿ ಒಳಗೆ ಹೋದ. ನಮ್ಮ ಹಳೆಯ ಮನೆಗಳ ಬಾಗಿಲು ಗಿಡ್ಡ, ಯಾರೇ ಆದರೂ ತಲೆ ಬಗ್ಗಿಸಲೇಬೇಕು. ಒಲೆಯ ಬಳಿ ಕೂತಿದ್ದ ಹೆತ್ತೆಗೆ ನಾನು ಓಡಿಹೋಗಿ ಹೇಳಿದಾಗ, ಅವಳು ಗೋಡೆಗೆ ಕಿವಿಯಿಟ್ಟು ಇಬ್ಬರು ಮಕ್ಕಳ ದನಿ ಕೇಳುತ್ತ ಕೂತಳು.

ಹೆತ್ತೆ ಹೋಗಿ ಬಹಳ ವರ್ಷವಾಯಿತು. ಅಪ್ಪನೂ ಇಲ್ಲ. ಕುನ್ನಪ್ಪ ಕೊನೆಯವರೆಗೂ ಪ್ರಾರ್ಥನಾ ಮನೆಗೇ ಹೋದ. ಅಪ್ಪ ಕೊನೆಯವರೆಗೂ ಅದನ್ನು ಒಪ್ಪಲಿಲ್ಲ. ಇಬ್ಬರೂ ದಿನಕ್ಕೊಮ್ಮೆ ಒಟ್ಟಿಗೆ ಕಾಪಿ ಕುಡಿಯುವುದನ್ನು ಬಿಡಲೂ ಇಲ್ಲ. ಶೀಲಾ ಕೊಯಮತ್ತೂರಿನಲ್ಲಿ ನರ್ಸ್. ಹಟ್ಟಿಯ ಸಾಲುಮನೆಗಳನ್ನು ಕೆಡವಿ ಎಲ್ಲರೂ ಬೇರೆಬೇರೆ ಟೆರೇಸ್ ಮನೆ ಕಟ್ಟಿಕೊಂಡಿದ್ದಾರೆ, ಸುತ್ತ ಕಾಂಪೌಂಡು ಇದೆ. ಯಾರ ಕೆಮ್ಮು ಯಾರಿಗೂ ಕೇಳಿಸುವುದಿಲ್ಲ.

ಕಳೆದ ಹಬ್ಬದ ಹೊತ್ತಿಗೆ ಶೀಲಾ ಫೋನಿಗೆ ಒಂದು ವಿಡಿಯೋ ಕಳಿಸಿದಳು. ಮೈಕಿನ ಸದ್ದಿನ ಬಗ್ಗೆ ನಮ್ಮ ಹಟ್ಟಿಯಲ್ಲೇ ಗುಡಿಯವರಿಗೂ ಪ್ರಾರ್ಥನೆಯವರಿಗೂ ಶುರುವಾದ ಜಗಳ. ಯಾರೋ ಯಾರದೋ ಕಾಲರ್ ಹಿಡಿದಿದ್ದಾರೆ. ಇಬ್ಬರೂ ನಾನು ಎತ್ತಿ ಆಡಿಸಿದ ಹುಡುಗರು. ಎರಡೂ ಕಡೆಯವರು ಫೋನ್ ಎತ್ತಿ ಹಿಡಿದು ತಮ್ಮ ತಮ್ಮ ಸಾಕ್ಷಿ ಸೇರಿಸಿಕೊಳ್ಳುತ್ತಿದ್ದಾರೆ. ಈಗ ಕೇಸು ನಡೆಯುತ್ತಿದೆಯಂತೆ. ಅದನ್ನು ಮತ್ತೆ ಮತ್ತೆ ಹಾಕಿ ನೋಡಿದೆ. ಏನನ್ನು ಹುಡುಕುತ್ತಿದ್ದೇನೆಂದು ನನಗೇ ತಿಳಿಯಲು ಸ್ವಲ್ಪ ಹೊತ್ತಾಯಿತು. ಆ ಗುಂಪಿನಲ್ಲಿ ಎಲ್ಲರೂ ನಿಂತೇ ಇದ್ದರು. ಹೆತ್ತೆಯಂತೆ ನಡುವೆ ಕೂತವರು ಒಬ್ಬರೂ ಕಾಣಲಿಲ್ಲ.